ಸತ್ಯಾಂಶ: ವಿಂಡ್‌ಶೀಲ್ಡ್ ಎತ್ತರ ಇದ್ದಷ್ಟೂ ಒಳ್ಳೆಯದಾ?

"ಬೈಕಿನ ವಿಂಡ್‌ಶೀಲ್ಡ್ ಎತ್ತರ ಇದ್ದಷ್ಟೂ ಗಾಳಿ ಕಾಟ ಕಡಿಮೆ" ಎಂಬ ಮೆಸೇಜ್ ಕಾರವಾರ, ಅಂಕೋಲಾ ಕಡೆಯವರ ಮೊಬೈಲಿನಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ಎದೆಗೆ ಬಡಿಯುವ ಗಾಳಿಯನ್ನು ಎತ್ತರದ ಶೀಲ್ಡ್ ತಡೆಯುತ್ತದೆ, ಸರಿ. ಆದರೆ ಹೆಲ್ಮೆಟ್ಟನ್ನು ಗಡಗಡ ಅಲುಗಾಡಿಸುವುದು ಹೆಚ್ಚಾಗಿ ನೇರ ಗಾಳಿಯಲ್ಲ. ಶೀಲ್ಡಿನ ಮೇಲಂಚು ದಾಟಿದ ಗಾಳಿ ಸುಳಿ ಸುಳಿಯಾಗಿ ಒಡೆಯುತ್ತದೆ. ಆ ಸುಳಿ ತಲೆಯ ಮಟ್ಟಕ್ಕೆ ಬಂದರೆ ಕುತ್ತಿಗೆ ಸೋತುಹೋಗುತ್ತದೆ. ಅದಕ್ಕೇ ಗೆಳೆಯನಿಗೆ ಹಿತವಾದ ಶೀಲ್ಡ್ ಅವನಿಗಿಂತ ನಾಲ್ಕು ಇಂಚು ಎತ್ತರ ಇರುವ ನಿಮಗೆ ಆಗಿಬರದೇ ಇರಬಹುದು. ಶೀಲ್ಡಿನ ಹಿಂದೆ ಗಾಳಿಯ ಒತ್ತಡವೂ ಕಡಿಮೆ. ಬುಡದಲ್ಲಿ ಸ್ವಲ್ಪ ಸಂದಿ ಇದ್ದು ಗಾಳಿ ಒಳಗೆ ಬಂದರೆ ಎಷ್ಟೋ ಸಲ ಸುಳಿ ತಗ್ಗುತ್ತದೆ.

ಹೊಸದು ಕೊಳ್ಳುವ ಮೊದಲು ಖಾಲಿ, ನೇರ ರಸ್ತೆಯಲ್ಲಿ ಸ್ವಲ್ಪ ಬಗ್ಗಿ ಕೂತು ನೋಡಿ. ಅಲುಗಾಟ ನಿಂತರೆ ಎತ್ತರದ ಶೀಲ್ಡ್ ನೋಡಬಹುದು. ಬೆನ್ನು ನೆಟ್ಟಗೆ ಮಾಡಿದಾಗ ನಿಂತರೆ ಗಿಡ್ಡದ್ದೇ ಸಾಕು. ಗಾಳಿ ಸದ್ದು ಜಾಸ್ತಿ ಆಗಬಹುದು, ತಲೆ ಮಾತ್ರ ಅಲುಗಾಡುವುದಿಲ್ಲ.

ನಮ್ಮ ಕರಾವಳಿಗೆ ಇನ್ನೊಂದು ಮಾತು. ರಸ್ತೆ ಶೀಲ್ಡಿನ ಮೇಲಿಂದ ಕಾಣಬೇಕು, ಅದರ ಮೂಲಕ ಅಲ್ಲ. ಮೇಲಂಚು ಮೂಗಿನ ಮಟ್ಟಕ್ಕಿದ್ದರೆ ಸಾಕು. ಜುಲೈ ಮಳೆಯ ರಾತ್ರಿ, ಶೀಲ್ಡ್ ತುಂಬ ಹನಿ, ಎದುರಿಗೆ ಲಾರಿಯ ಹೆಡ್‌ಲೈಟ್. ಹನಿ ಹನಿಯಲ್ಲೂ ಬೆಳಕು ಒಡೆದು ಹೊಂಡ ಯಾವುದು, ರಸ್ತೆ ಯಾವುದು ಗೊತ್ತಾಗುವುದಿಲ್ಲ. ಕಾಳಿ ಸೇತುವೆಯ ಮೇಲೆ ಅಡ್ಡಗಾಳಿ ಬೀಸಿದಾಗಲೂ ದೊಡ್ಡ ಶೀಲ್ಡ್ ಹೆಚ್ಚು ಗಾಳಿ ಹಿಡಿದು ಹ್ಯಾಂಡಲ್ ಎಳೆಯುತ್ತದೆ.