ಮಳೆ ಬಂದರೆ ಕೂಗುವ ಮಶಿನ್

ಹೊಸದಾಗಿ ಸೋಲ್ಡರಿಂಗ್, ಅಂದರೆ ಎಲೆಕ್ಟ್ರಾನಿಕ್ ಬಿಡಿಭಾಗಗಳ ಬೆಸುಗೆ, ಕಲಿಯುವವರಿಗೆ ಎಂದು ಯಾರು ಪಟ್ಟಿ ಕೊಟ್ಟರೂ ಅದರಲ್ಲಿ ಮೂರು ಐಟಂ ಖಾಯಂ: ಕತ್ತಲಾದರೆ ತಾನೇ ಹತ್ತುವ ದೀಪ, ಹೂಕುಂಡದ ಮಣ್ಣು ಒಣಗಿದರೆ ಎಚ್ಚರಿಸುವ ಯಂತ್ರ, ಮಳೆ ಬಂದರೆ ಕೂಗುವ ಅಲಾರಂ. ಈ ಪಟ್ಟಿ ಮಾಡಿದ ಪುಣ್ಯಾತ್ಮರು ಆಷಾಢದಲ್ಲಿ ಶಿರಸಿಗೆ ಬಂದವರಲ್ಲ. ನಮ್ಮ ಮನೆಯ ನಡುಮನೆಯಲ್ಲಿ ಮಟಮಟ ಮಧ್ಯಾಹ್ನವೂ ಆ ದೀಪ ಆರುವುದಿಲ್ಲ. ಕುಂಡದ ಮಣ್ಣು ಒಣಗುವ ಮಾತಂತೂ ಬೇಡ, ಒಗೆದು ಹಾಕಿದ ಬನಿಯನ್ನೇ ಒಣಗಿಲ್ಲ.

ಆದರೂ ಮಳೆ ಅಲಾರಮ್ಮೇ ಇರಲಿ ಎಂದುಕೊಂಡೆ. ಸಾಮಾನು ಕಮ್ಮಿ. ಬಾಚಣಿಗೆಯ ಹಲ್ಲಿನಂತೆ ಒಂದರೊಳಗೊಂದು ಸೇರಿದ, ಆದರೆ ಮುಟ್ಟದ ತಾಮ್ರದ ಗೆರೆಗಳಿರುವ ಪ್ಲೇಟು. ಅದರ ಮೇಲೆ ಹನಿ ಬಿದ್ದರೆ ಗೆರೆಗಳ ನಡುವೆ ಚೂರೇ ಚೂರು ಕರೆಂಟು ಹರಿದು BC547 ಎಂಬ, ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ, ಅದು ಬಜರ್ ಕೂಗಿಸುತ್ತದೆ. ಇಷ್ಟನ್ನು ನಾನು ವಿವರಿಸಿದ್ದು ದಿನಾ ಸಂಜೆ ಚಹಾಕ್ಕೆ ಹಾಜರಾಗುವ ನಮ್ಮ ಭಾವನಿಗೆ. ಅವನದ್ದೊಂದು ಚಟ. ಏನೇ ತೋರಿಸಿ, "ಅದ್ರಿಂದ ಉಪಯೋಗ ಎಂತು?" ಎನ್ನುತ್ತಾನೆ.

"ಅಲ್ದೋ, ಮಳೆ ಬೈಂದು ಹೇಳಿ ಗೊತ್ತಪ್ಪಲೆ ಮಶಿನ್ ಬೇಕನೋ? ಜೂನಲ್ಲಿ ಒಂದ್ಸಲ ಕೂಗಲೆ ಶುರು ಮಾಡಿರೆ ನಿಲ್ಲದು ದೀಪಾವಳಿಗೇಯ."

ಅಕಾಲ ಮಳೆಗೆ ಅನುಕೂಲ, ಚಾಲಿ ಅಡಕೆ ಅಂಗಳದಲ್ಲಿ ಒಣಗುವಾಗ ಬೇಕಾಗುತ್ತದೆ ಎಂದು ವಾದಿಸಿದೆ. ಅದಕ್ಕೆ ಆಯಿ ಇದ್ದಾಳಲ್ಲ ಎಂದ. ಅಲ್ಲಿ ನನ್ನ ಬಾಯಿ ಬಂದ್ ಆಯಿತು. ಮಶಿನ್ನಿಗೆ ಹನಿ ಬಿದ್ದ ಮೇಲೆ ಜ್ಞಾನೋದಯ. ಆಯಿ ಅಡುಗೆಮನೆಯಲ್ಲಿ ದೋಸೆ ಮಗುಚುತ್ತಲೇ ಗಾಳಿಯ ವಾಸನೆ ಹಿಡಿದು "ಅಡಕೆ ಎಳೀರೋ" ಎಂದು ಕೂಗುತ್ತಾಳೆ, ಒಂಬತ್ತು ವೋಲ್ಟಿನ ಬ್ಯಾಟರಿಯೂ ಬೇಡ.

ಅಷ್ಟಕ್ಕೇ ಬಿಟ್ಟನೇ? "ಮಳೆ ನಿತ್ರೆ ಕೂಗದು ಮಾಡು ನೋಡನ, ತೋಟಕ್ಕೆ ಮದ್ದು ಹೊಡಿಯಲಾದ್ರೂ ಆಗ್ತು." ಕೇಳಲು ತಮಾಷೆ, ಮಾಡಲು ಕಷ್ಟವೇನಿಲ್ಲ. ಇನ್ನೊಂದು ಟ್ರಾನ್ಸಿಸ್ಟರ್ ಹಾಕಿ ಉಲ್ಟಾ ಮಾಡಿದರಾಯಿತು. ಆದರೆ ಮಳೆ ನಿಂತರೂ ಪ್ಲೇಟಿನ ಪಸೆ ಆರಬೇಕಲ್ಲ! ಹಪ್ಪಳ ಡಬ್ಬಿಯೊಳಗೇ ಮೆತ್ತಗಾಗುವ ಊರಲ್ಲಿ ಅದು ಕೂಗುವುದು ನವರಾತ್ರಿಗೆ. ಅಷ್ಟರಲ್ಲಿ ಭಾವ ಅದನ್ನು ಕೆಟ್ಟಿದೆ ಎಂದು ಊರಿಗೆಲ್ಲ ಸಾರಿ ಮುಗಿಸಿರುತ್ತಾನೆ. ಚಪ್ಪಾಳೆ ತಟ್ಟಿದರೆ ಹತ್ತುವ ಲೈಟಿಗೂ ಇದೇ ಗತಿ: "ಯಕ್ಷಗಾನದ ಆಟದಲ್ಲಿ ಚಂಡೆ ಶುರುವಾದ್ರೆ?"

ನನ್ನ ಕೇಳಿದರೆ, ಹೊಸಬರು ಉಪಯೋಗವಿಲ್ಲದ್ದನ್ನೇ ಮಾಡಬೇಕು. ಸುಟ್ಟರೆ ಸಂಕಟವಿಲ್ಲ. 1972ರಲ್ಲಿ ಮಾರುಕಟ್ಟೆಗೆ ಬಂದ, ಇಂದಿಗೂ ಅಗ್ಗಕ್ಕೆ ಸಿಗುವ 555 ಎಂಬ ಟೈಮರ್ ಚಿಪ್ (ಐಸಿ), ನಾಲ್ಕಾರು ಬಿಡಿಭಾಗ, ಒಂದು ಎಲ್‌ಇಡಿ. ಮಿಣುಕ್ ಮಿಣುಕ್ ಅಂದರೆ ಬೆಸುಗೆ ಕೂತಿದೆ, ಅನ್ನದಿದ್ದರೆ ಇಲ್ಲ. ಐಸಿಯನ್ನು ಸಿಕ್ಕಿಸುವ ಬೇಸ್ ಹಾಕಿ ಬೇಸನ್ನೇ ಸೋಲ್ಡರ್ ಮಾಡಿದರೆ ಚಿಪ್ಪಿಗೆ ಬಿಸಿಯೂ ತಾಗದು.

ಕರೆಂಟು ಬೇಕಷ್ಟೆ. ಬೆಸುಗೆಯ ಸೀಸ-ತವರದ ತಂತಿ 183 ಡಿಗ್ರಿಗೆ ಕರಗಲು ಶುರು. 230 ವೋಲ್ಟ್ ಬರಬೇಕಾದಲ್ಲಿ 170 ಬಂದರೆ 25 ವಾಟಿನ ಸೋಲ್ಡರಿಂಗ್ ಐರನ್ನು 14 ವಾಟಿನ ಆಸುಪಾಸಿಗೆ ಇಳಿಯುತ್ತದೆ. ಮಳೆಗಾಲದ ಸಂಜೆ ಅದರ ತುದಿಯಲ್ಲಿ ತಂತಿ ಸರಿಯಾಗಿ ಕರಗುವುದಿಲ್ಲ, ಬೆಚ್ಚಗಾಗಿ ಕೂರುತ್ತದೆ. ಮಧ್ಯೆ ಲೈನು ಹೋದರೆ ಅದೂ ಇಲ್ಲ.

ವೋಲ್ಟೇಜು ಸರಿಯಿದ್ದ ಒಂದು ಮಧ್ಯಾಹ್ನ ಮೊದಲ ಹೊಗೆ ಎದ್ದಿತು. ತಂತಿಯೊಳಗಿನ ರಾಳದ ಹೊಗೆ. ಪೇಟೆಯ ರೇಡಿಯೋ ರಿಪೇರಿ ಅಂಗಡಿ ನೆನಪಾಯಿತು. ಅಪ್ಪಯ್ಯ ಧಾರವಾಡ ಕೇಂದ್ರ ಕೇಳುತ್ತಿದ್ದ ರೇಡಿಯೋ ಹಿಡಿದು ಅಲ್ಲಿ ಕಾಯುವುದು ನನ್ನ ಪಾಲಿನ ಕೆಲಸವಾಗಿತ್ತು. ಆ ಮನುಷ್ಯ ಬಾಯಲ್ಲಿ ಕವಳ ಹಾಕಿಕೊಂಡು, ಒಂದೇ ಒಂದು ಚುಕ್ಕೆ ಸೀಸ ಮುಟ್ಟಿಸಿ, ಮಾತಾಡದೆ ರೇಡಿಯೋ ಹಾಡಿಸಿ ಕೊಡುತ್ತಿದ್ದ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಉಪಯೋಗ ಎಂತು ಎಂದು ಅವನನ್ನು ಯಾರೂ ಕೇಳಿದ್ದು ನಾ ಕಾಣೆ.

ಎಲ್‌ಇಡಿ ಮಿಣುಕಿದ ಸುದ್ದಿಯನ್ನು ಭಾವ ತಾಳಮದ್ದಲೆಗೆ ಹೋದಲ್ಲಿ ಬಿತ್ತಿ ಬಂದ. ಮರುದಿನದಿಂದ ನಮ್ಮ ಜಗುಲಿಗೆ ಸೊಳ್ಳೆ ಬ್ಯಾಟುಗಳ ಮೆರವಣಿಗೆ. ಮೊದಲನೆಯದು ಅವನದ್ದೇ. ದೀಪ ಹತ್ತುತ್ತದೆ, ಸೊಳ್ಳೆ ಸಾಯುವುದಿಲ್ಲ. ಜಾಳಿಗೆಯ ವೈರು ಬಿಟ್ಟಿದೆಯಂತೆ, ತಾನೇ ಬಿಚ್ಚಿಕೊಂಡು ಬಂದಿದ್ದ. ಬಟನ್ ಬಿಟ್ಟ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟು ಕೂತಿರುತ್ತದೆ, ಮುಟ್ಟಬೇಡ ಎಂದೆ.

"ಎರಡು ಸೆಲ್ಲಿನ ಆಟಿಕೆ, ಎಂತ ಆಗ್ತು?" ಎಂದು ಬೆರಳಿಟ್ಟ.

ಚಹಾದ ಲೋಟ ಅಂಗಳದಲ್ಲಿ ಸಿಕ್ಕಿತು. ಇವತ್ತು ಭಾವ ಬಂದಿಲ್ಲ. ಮಗನ ಕೈಯಲ್ಲಿ ಮಿಕ್ಸರ್ ಕಳಿಸಿದ್ದಾನೆ.