ಬೀದಿಯಲ್ಲಿ ಹುಟ್ಟಿದ ಬಟ್ಟೆಗೆ ಬೀದಿಯವರ ಹೆಸರಿರಲಿ

ಹುಡುಗರು ದೊಗಲೆ ಪ್ಯಾಂಟು ತೊಟ್ಟರೆ, ಹುಡುಗಿಯರು ಕೂದಲಿಗೆ ನೀಲಿ ಬಳಿದುಕೊಂಡರೆ "ಇದೇನು ಅವತಾರ" ಎನ್ನುವವರು ಎಲ್ಲ ಕಾಲದಲ್ಲೂ ಇದ್ದಾರೆ. ಅವರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅದೇ ಅವತಾರವನ್ನು ಕೆಲವು ವರ್ಷ ಬಿಟ್ಟು ಗಾಜಿನ ಶೋಕೇಸಿನಲ್ಲಿಟ್ಟು, ಕಟ್ಟಿದವರ ಹೆಸರೆತ್ತದೆ ಮಾರುತ್ತಾರಲ್ಲ, ಸಿಟ್ಟು ಅವರ ಮೇಲೆ.

1943ರ ಲಾಸ್ ಏಂಜಲೀಸ್ ನೋಡಿ. ಅಗಲ ಭುಜದ ಉದ್ದನೆ ಕೋಟು, ಹೊಟ್ಟೆಯ ಮೇಲಕ್ಕೇರಿ ಕಣಕಾಲಲ್ಲಿ ಬಿಗಿಯುವ ಪ್ಯಾಂಟು. ಇದೇ ಜೂಟ್ ಸೂಟ್. ಜಾಜ್ ಕುಣಿತದ ಜಾಗಗಳಲ್ಲಿ ಕಪ್ಪು ಯುವಕರು ಮೆರೆಸಿದ್ದನ್ನು ಮೆಕ್ಸಿಕನ್ ಮೂಲದ ಹುಡುಗರೂ ತಮ್ಮದಾಗಿಸಿಕೊಂಡಿದ್ದರು. ಯುದ್ಧಕಾಲ, ಹಿಂದಿನ ವರ್ಷವೇ ಸರ್ಕಾರ ಉಣ್ಣೆಬಟ್ಟೆಗೆ ಮಿತಿ ಹಾಕಿತ್ತು. ಇಷ್ಟು ಬಟ್ಟೆ ಹಿಡಿಯುವ ಸೂಟು ದೇಶಕ್ಕೆ ದ್ರೋಹ ಎಂಬ ಮಾತು ಎದ್ದಿತು. ಜೂನ್ ತಿಂಗಳಲ್ಲಿ ನಾವಿಕರು, ಸೈನಿಕರು ಗುಂಪು ಕಟ್ಟಿಕೊಂಡು ಬಂದು ಈ ಹುಡುಗರನ್ನು ಹೊಡೆದು, ಮೈಮೇಲಿನ ಸೂಟು ಕಿತ್ತು ಹಾಕಿದರು. ಪೊಲೀಸರು ಹೆಚ್ಚಾಗಿ ಹಿಡಿದೊಯ್ದದ್ದು ಏಟು ತಿಂದವರನ್ನೇ. ಬರೀ ಬಟ್ಟೆಯಾಗಿದ್ದರೆ ಯಾರಾದರೂ ಅದನ್ನು ನಡುಬೀದಿಯಲ್ಲಿ ಸುಲಿಯುತ್ತಾರೆಯೇ? ಬಡವರ ಮಕ್ಕಳು ತಲೆಯೆತ್ತಿ ನಡೆದದ್ದು ಸಹಿಸಲಾಗಲಿಲ್ಲ, ಅಷ್ಟೇ.

50ರ ದಶಕದ ಲಂಡನ್ನಿನಲ್ಲಿ ಟೆಡ್ಡಿ ಬಾಯ್‌ಗಳು ಎನ್ನಿಸಿಕೊಂಡ ಕೆಲಸಗಾರರ ಮಕ್ಕಳು, ಸಿರಿವಂತರಿಗೆಂದು ದೊರೆ ಎಡ್ವರ್ಡ್ ಕಾಲದ ಮಾದರಿಯಲ್ಲಿ ಹೊಲಿದ ಉದ್ದ ಕೋಟನ್ನು ತಾವು ತೊಟ್ಟರು. ಸಿರಿವಂತರು ಅದನ್ನು ಬಿಟ್ಟುಬಿಟ್ಟರು. ಆಮೇಲೆ ಬಂದ ಮಾಡ್‌ಗಳು ಎಂಬ ಹುಡುಗರ ಬಳಗ ಸ್ಕೂಟರಿನ ಮೇಲೆ ಒಳ್ಳೆಯ ಸೂಟು ಕೊಳೆಯಾಗದಿರಲಿ ಎಂದು ಪಾರ್ಕಾ ಎಂಬ ಸೈನ್ಯದ ಹಳೆ ಮೇಲಂಗಿ ಹೊದ್ದಿತು. 1960ರಲ್ಲಿ ಕೆಲಸಗಾರರ ಕಾಲಿಗೆಂದು ಬಂದ ಡಾಕ್ಟರ್ ಮಾರ್ಟೆನ್ಸ್ ಬೂಟು ತಲೆ ಬೋಳಿಸಿಕೊಂಡ ಸ್ಕಿನ್‌ಹೆಡ್ ಹುಡುಗರಿಗೆ, ಅವರಿಂದ ಪಂಕ್ ಸಂಗೀತದ ಹುಡುಗರಿಗೆ ದಾಟಿತು. ಕೈಗೆ ಸಿಕ್ಕಿದ್ದನ್ನೇ ಹೊಸದಾಗಿ ಕಾಣಿಸುವ ಈ ಜಾಣ್ಮೆಗೆ ಯಾವ ಡಿಸೈನ್ ಶಾಲೆಯೂ ಸಮವಲ್ಲ ಎಂದೇ ನನ್ನ ನಂಬಿಕೆ.

ದೊಡ್ಡ ಫ್ಯಾಷನ್ ಕಂಪನಿಗಳಿಗೆ ಮೊದಲು ಇದು ಬೇಕಿರಲಿಲ್ಲ. 1960ರಲ್ಲಿ ಡಿಸೈನರ್ ಈವ್ ಸಾಂ ಲೋರಾಂ ಪ್ಯಾರಿಸ್ಸಿನ ಡಿಯೋರ್ ಕಂಪನಿಯಲ್ಲಿ ಬೀಟ್ ಎಂಬ ಬಂಡಾಯ ಬಳಗದ ಯುವಕರ ಕಪ್ಪು ಚರ್ಮದ ಜಾಕೆಟ್ ತೋರಿಸಿದಾಗ ಗಿರಾಕಿಗಳು ಮುಖ ಸಿಂಡರಿಸಿದರು. ಲೋರಾಂ ಸೈನ್ಯಕ್ಕೆ ಹೋದ ಹೊತ್ತಿಗೆ ಅವರ ಜಾಗಕ್ಕೆ ಬೇರೊಬ್ಬರು ಬಂದಿದ್ದರು. 1992ರಲ್ಲಿ ಪೆರಿ ಎಲ್ಲಿಸ್ ಸಂಸ್ಥೆಗಾಗಿ ಗ್ರಂಜ್ ಎಂಬ ರಾಕ್ ಸಂಗೀತದ ಹುಡುಗರ ಚೌಕಳಿ ಅಂಗಿಯನ್ನು ರೇಷ್ಮೆಯಲ್ಲಿ ಮಾಡಿದ ಡಿಸೈನರ್ ಮಾರ್ಕ್ ಜೇಕಬ್ಸ್ ಕೆಲಸ ಕಳೆದುಕೊಂಡರು. ಲಾಭದ ವಾಸನೆ ಹತ್ತಿದ ಮೇಲೆ ಕಥೆ ಬದಲಾಯಿತು.

ಡ್ಯಾಪರ್ ಡ್ಯಾನ್ ವಿಷಯವಂತೂ ನನ್ನನ್ನು ಬಿಡುವುದೇ ಇಲ್ಲ. 1982ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಅಂಗಡಿ ತೆರೆದು, ದುಬಾರಿ ಕಂಪನಿಗಳ ಲೋಗೊಗಳನ್ನು ತಾನೇ ಚರ್ಮದ ಮೇಲೆ ಅಚ್ಚು ಹಾಕಿ, ರ್‍ಯಾಪ್ ಹಾಡುಗಾರರಿಗೆ, ಕ್ರೀಡಾಪಟುಗಳಿಗೆ ಜಾಕೆಟ್ ಹೊಲಿದುಕೊಟ್ಟ ಮನುಷ್ಯ. ಆ ಕಂಪನಿಗಳು ಅಂಥ ಬಟ್ಟೆ ಮಾಡುವ ಕನಸನ್ನೂ ಆಗ ಕಂಡಿರಲಿಲ್ಲ. ಕಾನೂನಿನ ಹೊಡೆತ ಬಿದ್ದು 1992ರಲ್ಲಿ ಅಂಗಡಿ ಮುಚ್ಚಿತು. ಕಾನೂನಿನ ಪ್ರಕಾರ ಲೋಗೊ ಅವರದ್ದಲ್ಲ, ಒಪ್ಪುತ್ತೇನೆ. ಆದರೆ 2017ರಲ್ಲಿ ಇಟಲಿಯ ದುಬಾರಿ ಕಂಪನಿ ಗುಚಿ ತನ್ನ ಪ್ರದರ್ಶನದಲ್ಲಿ ತೋರಿಸಿದ ಉಬ್ಬುತೋಳಿನ ಜಾಕೆಟ್, ಡ್ಯಾನ್ 80ರ ದಶಕದಲ್ಲಿ ಓಟಗಾರ್ತಿ ಡಯಾನ್ ಡಿಕ್ಸನ್‌ಗೆ ಹೊಲಿದುಕೊಟ್ಟದ್ದರ ಪಡಿಯಚ್ಚಿನಂತಿತ್ತು. ಡಿಕ್ಸನ್ ತಮ್ಮ ಹಳೆಯ ಫೋಟೊ ಹಾಕಿ ಕೇಳಿದರು, ಜನ ದನಿಗೂಡಿಸಿದರು. ಆಮೇಲಷ್ಟೇ ಗುಚಿ ಡ್ಯಾನ್ ಜೊತೆ ಕೈಜೋಡಿಸಿದ್ದು. 2018ರಲ್ಲಿ ಹಾರ್ಲೆಮ್‌ನಲ್ಲೇ ಅವರ ಹೊಲಿಗೆಮನೆ ಮತ್ತೆ ತೆರೆಯಿತು.

ಡ್ಯಾನ್‌ಗೆ ಹೆಸರಿತ್ತು, ಫೋಟೊ ಇತ್ತು, ಪರವಾಗಿ ನಿಂತು ಕೇಳುವವರಿದ್ದರು. ಟೋಕಿಯೊದ ಹರಾಜುಕು ಬಡಾವಣೆಯಲ್ಲಿ ಬಣ್ಣಬಣ್ಣದ ಬಟ್ಟೆ ತೊಟ್ಟು ಓಡಾಡಿದ ಹುಡುಗಿಯರಿಗೂ ಒಂದು ದಾಖಲೆಯಿದೆ: 1997ರಿಂದ 2017ರವರೆಗೆ ಛಾಯಾಗ್ರಾಹಕ ಶೋಯಿಚಿ ಅವೊಕಿ 'ಫ್ರೂಟ್ಸ್' ಪತ್ರಿಕೆಯಲ್ಲಿ ಅವರ ಚಿತ್ರದ ಜೊತೆಗೆ ಅವರು ತೊಟ್ಟ ಬಟ್ಟೆಗಳ ವಿವರವನ್ನೂ ಅಚ್ಚು ಹಾಕಿದರು. ಆದರೆ ಲಾಸ್ ಏಂಜಲೀಸ್‌ನ ಆ ಜೂಟ್ ಸೂಟ್ ಹುಡುಗರ ದರ್ಜಿಗಳು ಯಾರು? ಪಂಕ್ ಹುಡುಗರ ಹರಿದ ಅಂಗಿಗೆ ಮೊದಲು ಸೇಫ್ಟಿ ಪಿನ್ ಚುಚ್ಚಿದ್ದು ಯಾರ ಕೈ? ಹೆಸರು ಸಿಗದಿದ್ದರೆ ಊರು, ಬೀದಿ, ಸಮುದಾಯವನ್ನಾದರೂ ಬಟ್ಟೆಯ ಚೀಟಿಯ ಮೇಲೆ ಬರೆಯಲಿ. ಬೀದಿಯಿಂದ ಎತ್ತಿಕೊಂಡು ಲಾಭ ಮಾಡುವ ಪ್ರತಿ ಕಂಪನಿಯೂ ಬರೆಯಲಿ, ಆ ಸಮುದಾಯದ ಮಕ್ಕಳಿಗೆ ತನ್ನಲ್ಲಿ ಕೆಲಸವನ್ನೂ ಕೊಡಲಿ. ಇಷ್ಟು ಕೇಳುವುದು ಅತಿಯಾಯಿತು ಎಂದು ನನಗಂತೂ ಅನ್ನಿಸುವುದಿಲ್ಲ.