ಎಕ್ಸ್-ಮೆನ್ ಮರು ಓದು: ಹೆಬ್ಬೊತ್ತಿಗೆ ಬೇಕೆ, ಬೇಡವೆ?

ಹುಟ್ಟಿನಿಂದಲೇ ವಿಚಿತ್ರ ಶಕ್ತಿ ಪಡೆದ ವೀರರ ತಂಡದ ಕತೆ ಎಕ್ಸ್-ಮೆನ್. ಅದರ 1975ರಿಂದ 1981ರವರೆಗಿನ ಕಾಮಿಕ್ಸ್ ಓದಬೇಕೆಂದರೆ ಇವತ್ತು ಬಿಡಿ ಸಂಚಿಕೆಗಳ ಬೆನ್ನು ಹತ್ತುವವರು ಕಡಿಮೆ. ಹೆಚ್ಚಿನವರ ಕೈಗೆ ಸಿಗುವುದು ಅಮೆರಿಕದ ಪ್ರಕಾಶಕ ಮಾರ್ವೆಲ್ ತಂದಿರುವ ಸಂಪುಟಗಳು, ಅದರಲ್ಲೂ ಆಮ್ನಿಬಸ್ ಎಂಬ, ಎಂಟುನೂರು ಪುಟ ಮೀರುವ ಹೆಬ್ಬೊತ್ತಿಗೆಗಳು. ಕಂತುಕಂತಾಗಿ ಬಂದ ಕತೆಯನ್ನು ಹೀಗೆ ರಾಶಿ ಹಾಕಿಕೊಂಡು ಓದಿದರೆ ಕತೆಗೆ ಲಾಭವೋ, ನಷ್ಟವೋ?

ಪರ: ಎಳೆ ಕಾಣಬೇಕಾದರೆ ಇಡೀ ಸೀರೆ ಬಿಡಿಸಬೇಕು

1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಶುರುಮಾಡಿದ ಎಕ್ಸ್-ಮೆನ್ 1970ರ ಹೊತ್ತಿಗೆ ಏದುಸಿರು ಬಿಡುತ್ತಿತ್ತು. 66ನೇ ಸಂಚಿಕೆಯಾದ ಮೇಲೆ 93ರವರೆಗೆ ಬಂದದ್ದೆಲ್ಲ ಹಳೆಯ ಕತೆಗಳ ಮರುಮುದ್ರಣ. 1975ರಲ್ಲಿ ಬರಹಗಾರ ಲೆನ್ ವೀನ್ ಮತ್ತು ಚಿತ್ರಕಾರ ಡೇವ್ ಕಾಕ್ರಮ್ ಕೀನ್ಯಾದಿಂದ ಸ್ಟಾರ್ಮ್, ಸೋವಿಯತ್ ಹೊಲದಿಂದ ಕಲಾಸಸ್, ಜರ್ಮನಿಯಿಂದ ನೈಟ್‌ಕ್ರಾಲರ್, ಕೆನಡಾದಿಂದ ವುಲ್ವರೀನ್ ಎಂದು ದೇಶಕ್ಕೊಬ್ಬರನ್ನು ಕರೆತಂದು ಒಂದೇ ಮನೆಯಲ್ಲಿ ಕೂರಿಸಿದರು. 94ನೇ ಸಂಚಿಕೆಯಿಂದ ಬರವಣಿಗೆ ಕ್ರಿಸ್ ಕ್ಲೇರ್‌ಮಾಂಟ್ ಕೈಗೆ ಬಂತು. 1991ರವರೆಗೂ ಅವರು ಅದನ್ನು ಬಿಡಲಿಲ್ಲ.

ಈ ಕ್ಲೇರ್‌ಮಾಂಟ್ ಈಗ ಬಿತ್ತಿ ವರ್ಷಗಳಾದ ಮೇಲೆ ಕೊಯ್ಯುವ ಜಾತಿಯವರು. ತಂಡದ ಹಳೆಯ ಸದಸ್ಯೆ ಜೀನ್ ಗ್ರೇ ನ್ಯೂಯಾರ್ಕಿನ ಜಮೈಕಾ ಬೇ ನೀರಿನಿಂದ ಫೀನಿಕ್ಸ್ ಎಂಬ ಮಹಾಶಕ್ತಿಯಾಗಿ ಏಳುವುದು 101ರಲ್ಲಿ, 1976ರ ಅಕ್ಟೋಬರ್ ಸಂಚಿಕೆ. ಅವಳು ಚಂದ್ರನ ಮೇಲೆ ಸಾಯುವುದು 137ರಲ್ಲಿ, 1980ರ ಸೆಪ್ಟೆಂಬರ್. ನಡುವೆ ನಾಲ್ಕು ವರ್ಷ. ಅದರಲ್ಲೂ ಸುಮಾರು ಅರ್ಧ ಕಾಲ ಪತ್ರಿಕೆ ಬರುತ್ತಿದ್ದದ್ದೇ ಎರಡು ತಿಂಗಳಿಗೊಮ್ಮೆ, ಮಾಸಿಕವಾದದ್ದು 112ರಿಂದ. ಅಂಗಡಿಗೆ ಒಂದು ಸಂಚಿಕೆ ಬಾರದಿದ್ದರೆ ಮುಗಿಯಿತು, ಕೊಂಡಿ ಕಳಚಿತು. ಆ ಕಾಲದ ಓದುಗರಿಗೆ ಸಿಕ್ಕಿದ್ದು ಕತೆಯ ಚೂರುಗಳು. ಕತೆ ಇಡಿಯಾಗಿ ಸಿಗುತ್ತಿರುವುದು ನಮಗೆ.

ಒಂದೇ ಎಳೆ ಹಿಡಿದು ನೋಡಿ. 113ರಲ್ಲಿ ಅಂಟಾರ್ಕ್ಟಿಕಾದ ಅಡಿಯಲ್ಲಿ ಹಳೆಯ ವೈರಿ ಮ್ಯಾಗ್ನೆಟೋ ಜೊತೆ ಕಾದಾಟ. ಅದು ಮುಗಿದಾಗ ಜೀನ್ ಮತ್ತು ಹಳೆಯ ಸಂಗಾತಿ ಬೀಸ್ಟ್ ಒಂದು ಕಡೆ, ಉಳಿದವರು ಇನ್ನೊಂದು ಕಡೆ. ಇವರು ಸತ್ತರೆಂದು ಅವರು, ಅವರು ಸತ್ತರೆಂದು ಇವರು. 114ರಲ್ಲೇ ತಂಡದ ನಾಯಕ, ಜೀನ್‌ಳ ಪ್ರಿಯಕರ ಸ್ಕಾಟ್‌ಗೆ ತನ್ನ ಬಗ್ಗೆ ಅನುಮಾನ: ಜೀನ್ ಹೋದಳು, ನನಗೇಕೆ ಅಳು ಬರುತ್ತಿಲ್ಲ? ತಂಡ ಸ್ಯಾವೇಜ್ ಲ್ಯಾಂಡ್ ಎಂಬ ಕಲ್ಪಿತ ಕಾಡು, ಜಪಾನ್, ಕೆನಡಾ ಸುತ್ತಿ ಬರುವಷ್ಟರಲ್ಲಿ ಒಂದು ವರ್ಷವೇ ಕಳೆದಿದೆ. ಆ ಒಂಟಿತನದಲ್ಲೇ ಜೇಸನ್ ವಿಂಗಾರ್ಡ್ ಎಂಬ ಮೀಸೆಯ ಸಭ್ಯಸ್ಥ ಜೀನ್‌ಳ ಮನಸ್ಸಿನೊಳಕ್ಕೆ ನುಸುಳುತ್ತಾನೆ. 125ರಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ಹದಿನೆಂಟನೇ ಶತಮಾನದ ದೃಶ್ಯ ಕಾಣುವಾಗ ಬಿಡಿಯಾಗಿ ಓದಿದವರು ಏನೋ ವಿಚಿತ್ರ ಎಂದು ಮುಂದೆ ಹೋದಾರು. 114 ಇನ್ನೂ ಮನಸ್ಸಿನಲ್ಲಿ ಹಸಿಯಾಗಿರುವವರಿಗೆ ಮಾತ್ರ ಇದು ಬಿರುಕು ಎಂದು ಗೊತ್ತಾಗುತ್ತದೆ.

ಇದೇ ಕಾರಣಕ್ಕೆ 129ರಿಂದ 137ರವರೆಗಿನ ಒಂಬತ್ತು ಸಂಚಿಕೆಗಳನ್ನಷ್ಟೇ ಕತ್ತರಿಸಿ ಕೊಡುವ, ಜೀನ್ ಕೆಟ್ಟವಳಾಗುವ ಕತೆಯ ‘ಡಾರ್ಕ್ ಫೀನಿಕ್ಸ್ ಸಾಗಾ’ದ ತೆಳು ಪುಸ್ತಕ ಮೊದಲ ಓದಿಗೆ ಬೇಡ. ಅದು ಊಟಕ್ಕೆ ಬರೀ ಪಾಯಸ ಬಡಿಸಿದ ಹಾಗೆ. 138 ಅದರಲ್ಲಿಲ್ಲ, ಅಂದರೆ ಜೀನ್‌ಳ ಅಂತ್ಯಕ್ರಿಯೆ, ಸ್ಕಾಟ್ ತಂಡ ಬಿಟ್ಟು ನಡೆಯುವುದು, ಅದೇ ಹೊತ್ತಿಗೆ ಹದಿಮೂರರ ಕಿಟ್ಟಿ ಪ್ರೈಡ್ ಶಾಲೆಗೆ ಬಂದಿಳಿಯುವುದು ಯಾವುದೂ ಇಲ್ಲ.

ಎರಡನೇ ಆಮ್ನಿಬಸ್‌ನ ಇನ್ನೊಂದು ಲಾಭ 137ರ ಮೊದಲ ಅಂತ್ಯ. ಕ್ಲೇರ್‌ಮಾಂಟ್ ಮತ್ತು ಚಿತ್ರಕಾರ ಜಾನ್ ಬರ್ನ್ ಮೊದಲು ಜೀನ್‌ಳನ್ನು ಕೊಂದಿರಲಿಲ್ಲ, ಶಕ್ತಿ ಕಿತ್ತುಕೊಂಡು ಬದುಕಿಸಿದ್ದರು. ಆದರೆ 135ರಲ್ಲಿ ಅವಳು ಒಂದು ನಕ್ಷತ್ರವನ್ನೇ ನುಂಗಿ ಜನ ತುಂಬಿದ ಗ್ರಹವೊಂದನ್ನು ಸುಟ್ಟಿದ್ದಳು. ಇಷ್ಟು ಮಾಡಿದವಳು ತಪ್ಪಿಸಿಕೊಳ್ಳುವುದು ಹೇಗೆ ಎಂದು ಪ್ರಧಾನ ಸಂಪಾದಕ ಜಿಮ್ ಶೂಟರ್ ಪಟ್ಟು ಹಿಡಿದರು, ಕೊನೆಯ ಪುಟಗಳು ಹೊಸದಾಗಿ ಬಂದವು. ಹಳೆಯ ಅಂತ್ಯ ಅಚ್ಚಾದದ್ದು 1984ರಲ್ಲಿ. ಎರಡನ್ನೂ ಒಂದೇ ಸಂಪುಟದಲ್ಲಿಟ್ಟು ಓದಿದರೆ ಶೂಟರ್ ಹೇಳಿದ್ದೇ ಸರಿ ಅನಿಸುತ್ತದೆ.

ಹೊಸ ಆಮ್ನಿಬಸ್ ಬಂದ ದಿನವೇ ನಡುವಿಗೆ ತೆರೆದು ಒತ್ತಬೇಡಿ, ಬೆನ್ನು ಬಿರಿಯುತ್ತದೆ. ಮೇಜಿನ ಮೇಲೆ ಬೆನ್ನು ಕೆಳಗೆ ಮಾಡಿ ನಿಲ್ಲಿಸಿ, ಮುಂದಿನ ರಟ್ಟು, ಹಿಂದಿನ ರಟ್ಟು ಬಿಡಿಸಿ. ಆಮೇಲೆ ಮುಂದಿನಿಂದ ಇಪ್ಪತ್ತು-ಮೂವತ್ತು ಪುಟ, ಹಿಂದಿನಿಂದ ಅಷ್ಟೇ ಪುಟ ಸರದಿಯಂತೆ ಬಿಡಿಸಿ, ಹೊಲಿಗೆಯ ಉದ್ದಕ್ಕೂ ಬೆರಳಿನಿಂದ ಹಗುರವಾಗಿ ಸವರುತ್ತ ನಡುವಿಗೆ ಬನ್ನಿ. ಇಷ್ಟು ಮಾಡಿದರೆ ಪುಸ್ತಕ ಎಲ್ಲಿ ತೆರೆದರೂ ಅಂಗಾತ ಮಲಗುತ್ತದೆ.

ವಿರೋಧ: ಕಂತಿನ ಕತೆಗೆ ಕಂತೇ ಉಸಿರು

ಆ ಕಾಲದ ಒಂದು ಸಂಚಿಕೆಯಲ್ಲಿ ಕತೆಗೆ ಸಿಗುತ್ತಿದ್ದದ್ದು 17 ಪುಟ. ಕೊಳ್ಳುವವನು ಇದೇ ಮೊದಲ ಸಲ ಕೊಳ್ಳುತ್ತಿರಬಹುದು ಎಂಬುದು ಸಂಪಾದಕರ ಲೆಕ್ಕ. ಹಾಗಾಗಿ ಪ್ರತಿ ಸಲವೂ ಎಲ್ಲರ ಪರಿಚಯ ಆಗಲೇಬೇಕು: ಕಲಾಸಸ್‌ನ ಮೈ ಉಕ್ಕಾಗುತ್ತದೆ, ವುಲ್ವರೀನ್‌ನ ಉಗುರು ಅಡಮ್ಯಾಂಟಿಯಮ್ ಲೋಹ, ನೈಟ್‌ಕ್ರಾಲರ್ ಮಾಯವಾದರೆ ಗಂಧಕದ ವಾಸನೆ, ಸ್ಟಾರ್ಮ್‌ಗೆ ಇಕ್ಕಟ್ಟು ಕಂಡರೆ ಭಯ. ತಿಂಗಳಿಗೊಮ್ಮೆ ಕೇಳಿದರೆ ಇದು ಹಳೆಯ ಗೆಳೆಯರ ಕುಶಲ ವಿಚಾರಿಸಿದ ಹಾಗೆ. ಒಂದೇ ಸಂಜೆ ಆರು ಸಂಚಿಕೆ ಓದಿದರೆ ಇದೇ ಮಾತು ತಲೆ ತಿನ್ನುತ್ತದೆ. ನಮ್ಮ ವಾರಪತ್ರಿಕೆಗಳ ಧಾರಾವಾಹಿ ಪುಸ್ತಕವಾಗುವಾಗ ‘ಇಲ್ಲಿಯವರೆಗೆ’ ಚೌಕವನ್ನು ಎತ್ತಿ ಬಿಸಾಡಬಹುದು. ಇಲ್ಲಿ ‘ಇಲ್ಲಿಯವರೆಗೆ’ ಪಾತ್ರಗಳ ಬಾಯಲ್ಲೇ, ಚಿತ್ರದ ಒಳಗೇ ಕೂತಿದೆ. ಕೀಳಲು ಬರುವುದಿಲ್ಲ.

ಕ್ಲೇರ್‌ಮಾಂಟ್ ಮಾತುಗಾರಿಕೆ ಹಳತಾಗಿದೆ ಎಂದು ಹೊಸ ಓದುಗರು ದೂರುವುದು ಇದೇ ಕಾರಣಕ್ಕೆ. ತಪ್ಪು ಅರ್ಧ ಬರಹದ್ದು, ಅರ್ಧ ಓದುವ ವೇಗದ್ದು.

ಇನ್ನು ಕಟ್ಟಿನ ವಿಚಾರ. 2006ರಲ್ಲಿ ಬಂದ ಮೊದಲ ಆಮ್ನಿಬಸ್ 131ಕ್ಕೆ ನಿಲ್ಲುತ್ತದೆ. ಎಂಥ ಜಾಗ! ಡಾರ್ಕ್ ಫೀನಿಕ್ಸ್ ಕತೆ 129ಕ್ಕೆ ಶುರುವಾಗಿ ಮೂರೇ ಸಂಚಿಕೆ ಆಗಿದೆ, ಜೀನ್ ಆಗಷ್ಟೇ ಎದುರಾಳಿ ಎಮ್ಮಾ ಫ್ರಾಸ್ಟ್‌ಳನ್ನು ಮಣಿಸಿದ್ದಾಳೆ, ಖಳರ ಕೂಟವಾದ ಹೆಲ್‌ಫೈರ್ ಕ್ಲಬ್ಬಿನ ಬಾಗಿಲು ಇನ್ನೂ ತೆರೆದಿಲ್ಲ. ಅಲ್ಲಿಗೆ ರಟ್ಟು. ಮುಂದಿನದಕ್ಕೆ ಇನ್ನೊಂದು ದುಬಾರಿ ಸಂಪುಟ. ‘ಇಡೀ ಕತೆ ಒಂದೇ ಕಡೆ’ ಎನ್ನುವವರು ಈ ಕೊಯ್ತದ ಬಗ್ಗೆ ಉಸಿರೆತ್ತುವುದಿಲ್ಲ. ಎಪಿಕ್ ಕಲೆಕ್ಷನ್ ಎಂಬ ಪೇಪರ್‌ಬ್ಯಾಕ್ ಮಾಲೆಯವರಿಗೆ ಆ ವಿವೇಕ ಇದೆ. ಮೊದಲನೆಯದು 110ರವರೆಗೆ, ಮುಂದಿನದು 111ರಿಂದ 128, ಆಮೇಲಿನದು 129ರಿಂದ 143, ಅಂದರೆ ಬರ್ನ್ ಅವರ ಕೊನೆಯ ಸಂಚಿಕೆಯವರೆಗೆ. ಕೈಯಲ್ಲಿ ಹಿಡಿದು ಓದಬಹುದಾದ ತೂಕ ಕೂಡ.

ಬಣ್ಣದ ವಿಷಯದಲ್ಲಿ ಹೆಬ್ಬೊತ್ತಿಗೆ ಮಾಡುವ ಅನ್ಯಾಯ ದೊಡ್ಡದು. ಮೂಲ ಕಾಮಿಕ್ಸ್ ಅಚ್ಚಾದದ್ದು ನ್ಯೂಸ್‌ಪ್ರಿಂಟ್ ಮೇಲೆ. ಹಳದಿ, ಕೆಂಪು, ನೀಲಿ ಮೂರೂ ಶಾಯಿಯನ್ನು ಶೇ. 25, 50, 100ರ ಪ್ರಮಾಣದಲ್ಲಿ ಬೆರೆಸಿದರೆ, ಹಾಕದೆ ಬಿಟ್ಟದ್ದನ್ನೂ ಸೇರಿಸಿ, 64 ಬಣ್ಣ. ಒರಟು ಕಾಗದ ಶಾಯಿಯನ್ನು ಹೀರಿ ಮಂಕು ಮಾಡುತ್ತದೆ ಎಂಬ ಅಂದಾಜಿನಲ್ಲೇ ಗ್ಲಿನಿಸ್ ವೀನ್ ಬಣ್ಣ ಗುರುತು ಹಾಕುತ್ತಿದ್ದರು. ಅದೇ ಗುರುತನ್ನು ಬಿಳಿ, ನಯ ಕಾಗದದ ಮೇಲೆ ಅಚ್ಚು ಹಾಕಿದರೆ ಶಾಯಿ ಮೇಲೆಯೇ ನಿಲ್ಲುತ್ತದೆ, ಕಲಾಸಸ್‌ನ ಹಳದಿ-ಕೆಂಪು ಜಾತ್ರೆಯ ಬಲೂನಿನ ಹಾಗೆ ಕಣ್ಣಿಗೆ ಹೊಡೆಯುತ್ತದೆ. ಟೆರಿ ಆಸ್ಟಿನ್ ಅವರ ಕೂದಲೆಳೆಯ ಶಾಯಿಗೆರೆಗಳು ಈ ಅಬ್ಬರದಲ್ಲಿ ಕಾಣುವುದೇ ಇಲ್ಲ. ಗೆರೆ ನೋಡಬೇಕೆಂದರೆ 1996ರಿಂದ ಬಂದ ಕಪ್ಪು-ಬಿಳುಪು ಎಸೆನ್ಷಿಯಲ್ ಸಂಪುಟಗಳೇ ಮೇಲು. ಅವುಗಳಲ್ಲೂ ಕೊರತೆ ಇದೆ, ಒಪ್ಪೋಣ. ಫೀನಿಕ್ಸ್‌ಳ ಹಸಿರು ಉಡುಪು 134ರ ಕೊನೆಗೆ ಕಡುಗೆಂಪಾಗುತ್ತದೆ, ಅವಳು ಕೆಟ್ಟಳು ಎಂದು ಹೇಳುವುದೇ ಆ ಬಣ್ಣ. ಕಪ್ಪು-ಬಿಳುಪಿನಲ್ಲಿ ಎರಡೂ ಉಡುಪು ಒಂದೇ.

ನಮ್ಮ ಹವೆಯೂ ಈ ಪುಸ್ತಕಗಳಿಗೆ ಒಗ್ಗದು. ಮಂಗಳೂರು, ಉಡುಪಿ ಕಡೆಯ ಮಳೆಗಾಲದಲ್ಲಿ ನಯ ಕಾಗದ ತೇವ ಹೀರಿ ಅಲೆಯಾಗುತ್ತದೆ, ನೀರು ತಾಗಿದರೆ ಪುಟಕ್ಕೆ ಪುಟ ಅಂಟಿ ಬಿಡಿಸುವಾಗ ಚಿತ್ರ ಕಿತ್ತು ಬರುತ್ತದೆ. ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಪುಟಗಳ ಭಾರಕ್ಕೆ ಒಳಗಟ್ಟು ಜೋತುಬಿದ್ದು ರಟ್ಟಿನಿಂದ ಬಿಟ್ಟುಕೊಳ್ಳುತ್ತದೆ. ಮಲಗಿಸಿಡಿ, ಒಂದರ ಮೇಲೆ ಎರಡಕ್ಕಿಂತ ಹೆಚ್ಚು ಬೇಡ.

ಕೊನೆಯದಾಗಿ, ಕಾಯುವಿಕೆ. 132ರ ಕಡೇ ಪುಟದಲ್ಲಿ ತಂಡವೆಲ್ಲ ಸೆರೆ, ಎಲ್ಲರೂ ಸತ್ತನೆಂದುಕೊಂಡ ವುಲ್ವರೀನ್ ಮಾತ್ರ ಕ್ಲಬ್ಬಿನ ಕೆಳಗಿನ ಚರಂಡಿಯಲ್ಲಿ, ಕೊಚ್ಚೆ ನೀರಿನಿಂದ ತಲೆಯೆತ್ತಿ, ನಿಮ್ಮ ಆಟ ಆಯಿತು, ಇನ್ನು ನನ್ನದು ಎನ್ನುತ್ತಾನೆ. ಅಂದಿನ ಓದುಗ ಆ ಮುಖವನ್ನು ತಲೆಯಲ್ಲಿಟ್ಟುಕೊಂಡು ಒಂದು ತಿಂಗಳು ತಿರುಗಿದ. ಆಮ್ನಿಬಸ್‌ನಲ್ಲಿ 133ರ ಮುಖಪುಟ ಬೆರಳ ತುದಿಯಲ್ಲೇ ಇರುತ್ತದೆ. ಆಗಲೇ ಕೊಂಡಿದ್ದರೆ ಕನಿಷ್ಠ ಅಲ್ಲಿಗಾದರೂ ಪುಸ್ತಕ ಮುಚ್ಚಿ. ಒಂದು ವಾರ ಅವನು ಚರಂಡಿಯಲ್ಲೇ ಇರಲಿ.